ಬಾಗಿದ್ದೆಷ್ಟು, ಹಿಗ್ಗಿದ್ದೆಷ್ಟು: ಶೆಲ್ ಅಳೆಯುವವರಿಗೆ ಯಶಸ್ಸಿನ ಸೂತ್ರಗಳು

ಕಲಬುರಗಿಯ ಜಗತ್ ವೃತ್ತದಲ್ಲಿ ಆಟೋ ಹತ್ತಿದರೆ ಕೋಟೆಯೊಳಗಿನ ಜಾಮಿ ಮಸೀದಿಗಾಗಲಿ ಹಫ್ತ್ ಗುಂಬಜ್‌ಗಾಗಲಿ ಬಹಳ ಹೊತ್ತು ಬೇಕಿಲ್ಲ. ಬಸ್ಸು ಹತ್ತಿದರೆ ವಾಡಿ, ಮಳಖೇಡ, ಸೇಡಂ. ಅಲ್ಲಿ ಸಿಮೆಂಟ್ ಕಾರ್ಖಾನೆಗಳ ಉಕ್ಕಿನ ಕೊಳವೆಯಂಥ ಕುಲುಮೆಗಳಾದ ಕಿಲ್ನ್‌ಗಳು ಹಗಲೂ ರಾತ್ರಿ ಉರುಳುತ್ತಿರುತ್ತವೆ. ಗುಮ್ಮಟ, ಕಿಲ್ನ್, ಅಡುಗೆಮನೆಯ ಗ್ಯಾಸ್ ಸಿಲಿಂಡರ್ ಎಲ್ಲವೂ ಬಾಗಿದ ಗೋಡೆಯ ವಸ್ತುಗಳೇ. ಎಂಜಿನಿಯರುಗಳು ಇವನ್ನೆಲ್ಲ ಸೇರಿಸಿ ಶೆಲ್ ಎನ್ನುತ್ತಾರೆ.

1958ರಲ್ಲಿ ಶುರುವಾದ ಪಿಡಿಎ ಎಂಜಿನಿಯರಿಂಗ್ ಕಾಲೇಜಿನಿಂದ ಹಿಡಿದು ಈಚೆಗೆ ಎದ್ದ ಕಾಲೇಜುಗಳವರೆಗೆ ನಮ್ಮೂರಲ್ಲಿ ಸಿವಿಲ್, ಮೆಕ್ಯಾನಿಕಲ್ ಓದುವವರಿಗೆ ಬರವಿಲ್ಲ. ಅವರಲ್ಲಿ ಕೆಲವರು ನಾಳೆ ಶೆಲ್‌ಗೆ ಹಿಗ್ಗು ಅಳೆಯುವ ಗೇಜ್ ಅಂಟಿಸುವವರು, ಕಂಪ್ಯೂಟರಿನಲ್ಲಿ ಅದರ ಲೆಕ್ಕ ಹಾಕುವವರು. ಈ ಸೂತ್ರಗಳು ಅವರಿಗೆ. ಎಲ್ಲದರ ಹಿಂದೆ ಇರುವ ಮಾತು ಒಂದೇ: ಗೋಡೆಯ ವಕ್ರತೆ ಬದಲಾಯಿತೆಂದ ಮಾತ್ರಕ್ಕೆ ಗೋಡೆ ಬಾಗಿತು ಎಂದಲ್ಲ.

1. ಹನ್ನೆರಡು ಮಿಲಿಮೀಟರಿಗೂ ಹದಿಮೂರು ಮಿಲಿಮೀಟರಿಗೂ ಇರುವ ಅಂತರ ತಿಳಿಯಿರಿ

4 ಮೀಟರ್ ವ್ಯಾಸದ ಒಂದು ಕಿಲ್ನ್ ಇದೆ ಎನ್ನಿ. ಒಳಗೆ ಸುಣ್ಣಕಲ್ಲಿನ ಪುಡಿ ಸುಮಾರು 1450 ಡಿಗ್ರಿಯಲ್ಲಿ ಬೆಂದು ಕ್ಲಿಂಕರ್ ಆಗುತ್ತದೆ. ನಡುವೆ ಬೆಂಕಿ ತಡೆಯುವ ಇಟ್ಟಿಗೆಯ ಪದರ, ಹೊರಗೆ ಉಕ್ಕಿನ ಚಿಪ್ಪು. ಇಟ್ಟಿಗೆಯ ರಕ್ಷಣೆ ಇದ್ದರೂ ಉಕ್ಕು ಸುಮಾರು 300 ಡಿಗ್ರಿ ಮುಟ್ಟುತ್ತದೆ. 30 ಡಿಗ್ರಿಯಿಂದ 300ಕ್ಕೆ ಏರಿದ ಉಕ್ಕಿನ ವ್ಯಾಸ ಎಷ್ಟು ಬೆಳೆಯಿತು? ಒಂದು ಡಿಗ್ರಿಗೆ ಹತ್ತು ಲಕ್ಷದಲ್ಲಿ 12 ಪಾಲು ಎಂದು ಹಿಡಿದರೆ 13 ಮಿಲಿಮೀಟರ್. ವ್ಯಾಸ ಹೆಚ್ಚಿತು, ಹಾಗಾಗಿ ವಕ್ರತೆ ಕಡಿಮೆಯಾಯಿತು. ಆದರೆ ಲೋಹವೆಲ್ಲ ಎಲ್ಲ ದಿಕ್ಕಿಗೂ ಒಂದೇ ಪ್ರಮಾಣದಲ್ಲಿ ದೊಡ್ಡದಾಗಿದೆ ಅಷ್ಟೆ, ಬಾಗು ಸೊನ್ನೆ, ಸ್ಟ್ರೆಸ್ಸೂ ಸೊನ್ನೆ.

ಈಗ ಅದೇ ಕಿಲ್ನ್ ತನ್ನ ಭಾರಕ್ಕೆ ತಾನೇ ಕುಸಿದು ತುಸು ಮೊಟ್ಟೆಯಾಕಾರ ತಾಳಿತು ಎನ್ನಿ. ಅತಿ ಅಗಲದ ವ್ಯಾಸಕ್ಕೂ ಅತಿ ಕಿರಿದಾದ ವ್ಯಾಸಕ್ಕೂ ವ್ಯತ್ಯಾಸ 12 ಮಿಲಿಮೀಟರ್. ಇದು ಅಪ್ಪಟ ಬಾಗು. ಕಿಲ್ನ್ ನಿಮಿಷಕ್ಕೆ ನಾಲ್ಕು ಸುತ್ತು ತಿರುಗಿದರೆ ಉಕ್ಕಿನ ಪ್ರತಿ ಬಿಂದುವೂ ಸುತ್ತಿಗೆ ಎರಡು ಸಲ ಬಾಗಿ ನೆಟ್ಟಗಾಗುತ್ತದೆ, ದಿನಕ್ಕೆ 11,520 ಸಲ. ಒಳಗಿನ ಇಟ್ಟಿಗೆಗಳು ಒಂದಕ್ಕೊಂದು ಉಜ್ಜಿ, ಸಡಿಲಗೊಂಡು, ಕೊನೆಗೆ ಉದುರುತ್ತವೆ. ಇಟ್ಟಿಗೆ ಉದುರಿದ ಕಡೆ ಉಕ್ಕು ಕೆಂಪಗೆ ಕಾಯುತ್ತದೆ. ಆಮೇಲೆ ಕಿಲ್ನ್ ನಿಲ್ಲಿಸದೆ ಬೇರೆ ದಾರಿಯಿಲ್ಲ.

ಟೇಪು ಹಿಡಿದವನಿಗೆ 12ಕ್ಕೂ 13ಕ್ಕೂ ಹೆಚ್ಚು ಫರಕು ಕಾಣದು. ಕಾರ್ಖಾನೆಗೆ ಮಾತ್ರ ಒಂದು ಏನೂ ಅಲ್ಲ, ಇನ್ನೊಂದು ಉತ್ಪಾದನೆಯನ್ನೇ ನಿಲ್ಲಿಸಬಲ್ಲದು.

2. ಶೆಲ್ ನಿಜಕ್ಕೂ ತೆಳುವೇ ಎಂದು ಮೊದಲು ಕೇಳಿ

ದಪ್ಪವನ್ನು ತ್ರಿಜ್ಯದಿಂದ ಭಾಗಿಸಿ. ಉತ್ತರ ಇಪ್ಪತ್ತರಲ್ಲಿ ಒಂದಕ್ಕಿಂತ ಕಡಿಮೆ ಬಂದರೆ ತೆಳು. ಶೆಲ್ ಸಿದ್ಧಾಂತದ ತಜ್ಞ ನೊವೊಝಿಲೊವ್ ಕೊಟ್ಟ ಈ ಗಡಿ ಇಂದಿಗೂ ಚಾಲ್ತಿಯಲ್ಲಿದೆ. ಕಿಲ್ನ್ ಗೋಡೆ 25 ಮಿಲಿಮೀಟರ್, ತ್ರಿಜ್ಯ 2 ಮೀಟರ್: ಎಂಬತ್ತರಲ್ಲಿ ಒಂದು. ಗ್ಯಾಸ್ ಸಿಲಿಂಡರಿನದು ಎರಡೂವರೆ ಮಿಲಿಮೀಟರಿನ ಆಸುಪಾಸು, ತ್ರಿಜ್ಯ ಸುಮಾರು 157: ಅರವತ್ತರಲ್ಲಿ ಒಂದು. ಎರಡೂ ಪಾಸು.

ವಿಜಯಪುರದ ಗೋಳಗುಮ್ಮಟ ಫೇಲು! ಹೊರ ವ್ಯಾಸ ಸುಮಾರು 44 ಮೀಟರ್, ಗೋಡೆಯ ದಪ್ಪ ಸುಮಾರು 3 ಮೀಟರ್: ಏಳರಲ್ಲಿ ಒಂದು. ಅಷ್ಟು ದೊಡ್ಡ ಗುಮ್ಮಟ ತೆಳು ಶೆಲ್ ಅಲ್ಲ ಎಂದರೆ ವಿದ್ಯಾರ್ಥಿಗಳು ಹುಬ್ಬೇರಿಸುತ್ತಾರೆ. ಎಷ್ಟು ದೊಡ್ಡದು ಎಂಬುದು ಈ ಲೆಕ್ಕಕ್ಕೆ ಬೇಕಾಗಿಲ್ಲ, ಬೇಕಾದದ್ದು ಅನುಪಾತ ಮಾತ್ರ.

3. ಘನವನ್ನು ಮರೆಯಬೇಡಿ

ಹಿಗ್ಗಿಗೆ ಎದುರು ನಿಲ್ಲುವ ಬಲ ದಪ್ಪದ ಜೊತೆ ನೇರವಾಗಿ ಏರುತ್ತದೆ. ಬಾಗಿಗೆ ಎದುರು ನಿಲ್ಲುವ ಬಲ ದಪ್ಪದ ಘನದ ಜೊತೆ ಏರುತ್ತದೆ. ತಗಡನ್ನು ಅರ್ಧ ದಪ್ಪಕ್ಕೆ ಇಳಿಸಿದರೆ ಹಿಗ್ಗಿನ ಬಿಗಿ ಅರ್ಧವಾಗುತ್ತದೆ, ಬಾಗಿನ ಬಿಗಿ ಎಂಟರಲ್ಲಿ ಒಂದಾಗುತ್ತದೆ. ಅದಕ್ಕೇ ತೆಳು ಶೆಲ್ ಹಿಗ್ಗುವುದಕ್ಕೆ ಒಲ್ಲೆ ಎನ್ನುತ್ತದೆ, ಬಾಗಲು ದಾರಿ ಸಿಕ್ಕರೆ ಬಾಗಿಯೇ ಬಿಡುತ್ತದೆ. ದಾರಿ ಇದೆಯೋ ಇಲ್ಲವೋ ಎಂಬುದನ್ನು ಮುಂದಿನ ಸೂತ್ರ ಹೇಳುತ್ತದೆ.

4. ಕಮಲಾಪುರದಲ್ಲಿ ಇಳಿದು ಒಂದು ಕೆಂಪು ಬಾಳೆಹಣ್ಣು ಕೊಳ್ಳಿ

ಹುಮನಾಬಾದ್ ರಸ್ತೆಯ ಕಮಲಾಪುರದ ಕೆಂಪು ಬಾಳೆಗೆ ಭೌಗೋಳಿಕ ಗುರುತಿನ ಮಾನ್ಯತೆ ಸಿಕ್ಕಿದೆ. ರುಚಿಯ ಮಾತು ಆಮೇಲೆ. ಮೊದಲು ಹಣ್ಣಿನ ಬೆನ್ನಿನ ಮೇಲೆ ಬೆರಳಾಡಿಸಿ. ಉದ್ದಕ್ಕೂ ಅಡ್ಡಕ್ಕೂ ಒಂದೇ ಕಡೆಗೆ ಬಾಗಿದೆ. ಈಗ ಹೊಟ್ಟೆಯ ಕಡೆ ನೋಡಿ. ಅಡ್ಡಕ್ಕೆ ಉಬ್ಬಿದೆ, ಉದ್ದಕ್ಕೆ ತಗ್ಗಿದೆ. ಎರಡು ದಿಕ್ಕಿನ ವಕ್ರತೆಗಳನ್ನು ಗುಣಿಸಿದರೆ ಬೆನ್ನಿನಲ್ಲಿ ಧನ, ಹೊಟ್ಟೆಯಲ್ಲಿ ಋಣ. ಈ ಗುಣಲಬ್ಧಕ್ಕೆ ಗೌಸ್ ವಕ್ರತೆ ಎಂದು ಹೆಸರು. ಬೆನ್ನಿನ ಸಿಪ್ಪೆಯ ಅಗಲ ತುಂಡನ್ನು ಮೇಜಿನ ಮೇಲೆ ಒತ್ತಿ ಚಪ್ಪಟೆ ಮಾಡಲು ಹೋದರೆ ಅಂಚು ಹರಿಯುತ್ತದೆ, ಹೊಟ್ಟೆಯ ತುಂಡಾದರೆ ಅಂಚು ನೆರಿಗೆ ಬೀಳುತ್ತದೆ.

1827ರಲ್ಲಿ ಗಣಿತಜ್ಞ ಗೌಸ್ ಸಾಧಿಸಿ ತೋರಿಸಿದ್ದು ಇದನ್ನೇ: ಹಿಗ್ಗದೆ, ಕುಗ್ಗದೆ, ಬರೀ ಬಾಗುವ ಮೇಲ್ಮೈಯಲ್ಲಿ ಈ ಗುಣಲಬ್ಧ ಎಂದಿಗೂ ಬದಲಾಗದು. ಹಾಳೆಯನ್ನು ಕೊಳವೆಯಾಗಿ ಸುತ್ತಬಹುದು, ಶಂಕುವಾಗಿ ಸುತ್ತಬಹುದು. ಮೂರಕ್ಕೂ ಗೌಸ್ ವಕ್ರತೆ ಸೊನ್ನೆ. ಅದೇ ಹಾಳೆಯನ್ನು ಗುಮ್ಮಟಕ್ಕೆ ನೆರಿಗೆಯಿಲ್ಲದೆ ಹೊದಿಸಲು ಆಗದು.

ಅಳತೆಗಾರನಿಗೆ ಇದರಿಂದ ಸಿಗುವುದು ಒಂದು ಚುರುಕಾದ ಪರೀಕ್ಷೆ. ಮೊದಲಿನ ಆಕಾರದ ಗೌಸ್ ವಕ್ರತೆ, ಆಮೇಲಿನದು, ಎರಡನ್ನೂ ಹೋಲಿಸಿ. ಬದಲಾಗಿದ್ದರೆ ಹಿಗ್ಗು ಇದ್ದೇ ಇದೆ. ಬದಲಾಗದಿದ್ದರೆ ಬರೀ ಬಾಗು ಇರಬಹುದು. ವೃತ್ತಾಕಾರದ ಕಿಲ್ನ್ ಮೊಟ್ಟೆಯಾಕಾರಕ್ಕೆ ಬಂದಾಗ ಸೊನ್ನೆ ಸೊನ್ನೆಯಾಗಿಯೇ ಉಳಿಯುತ್ತದೆ. ಆದ್ದರಿಂದ ಅದಕ್ಕೆ ಬಾಗುವ ದಾರಿ ಸಲೀಸು, ಬಲವೂ ಅಷ್ಟಾಗಿ ಬೇಡ. ಬುಡ ಬಿಗಿಯಾಗಿ ಕೂತ ಗುಮ್ಮಟಕ್ಕೆ ಆ ದಾರಿಯಿಲ್ಲ. ಜಾಮಿ ಮಸೀದಿಯ ಶಾಸನದಲ್ಲಿರುವ ವರ್ಷ 1367, ಕಟ್ಟಿದವನ ಹೆಸರು ಕಜ್ವೀನಿನ ರಫೀ. ಬಯಲು ಅಂಗಳವೇ ಇಲ್ಲದೆ ಇಡೀ ಮಸೀದಿಗೆ ಮಾಡು ಹಾಕಿ, ದೊಡ್ಡದೊಂದು ಗುಮ್ಮಟ, ಮೂಲೆಗಳಿಗೆ ನಾಲ್ಕು, ನಡುವೆ ಸಾಲುಸಾಲು ಸಣ್ಣವು ಕೂರಿಸಿದ ಆ ಕಾಲದಲ್ಲಿ ಗೌಸ್ ಹುಟ್ಟಲು ಇನ್ನೂ ನಾನೂರು ವರ್ಷ ಇತ್ತು. ಎರಡು ದಿಕ್ಕಿಗೂ ಬಾಗಿದ ಮಾಡು ಗಟ್ಟಿ ಎಂಬುದು ಕಟ್ಟುವ ಕೈಗೆ ಗೊತ್ತಿತ್ತು, ಪ್ರಮೇಯ ಗೊತ್ತಿರಬೇಕಿರಲಿಲ್ಲ.

5. ಸುಮ್ಮನೆ ತಿರುಗಿಸಿ ನೋಡಿ

ಯಾರಾದರೂ ಬಾಗನ್ನು ಅಳೆಯುವ ಸಮೀಕರಣ ಕೊಟ್ಟರೆ ಮೊದಲು ಅದರೊಳಗೆ ಬಾಗದ ಚಲನೆಯನ್ನು ಹಾಕಿ. ಶೆಲ್ಲನ್ನು ಇದ್ದಂತೆಯೇ ಎತ್ತಿ ಬೇರೆ ಕಡೆ ಇಟ್ಟರೆ, ತುಸು ತಿರುಗಿಸಿದರೆ, ಸ್ಟ್ರೇನ್ ಸೊನ್ನೆ ಬರಬೇಕು. ಇದು ಮಕ್ಕಳ ಪರೀಕ್ಷೆ ಎನಿಸಬಹುದು. ಆದರೆ 1888ರಲ್ಲಿ ಗಣಿತಜ್ಞ ಲವ್ ಕೊಟ್ಟ ಸಿದ್ಧಾಂತವೇ ಇದರಲ್ಲಿ ಎಡವಿತು. ತೆಳು ಶೆಲ್‌ಗಳ ಲೆಕ್ಕಕ್ಕೆ ಬುನಾದಿ ಹಾಕಿದ ಸಿದ್ಧಾಂತ ಅದು, ಎಷ್ಟೋ ಪುಸ್ತಕಗಳಲ್ಲಿ ಈಗಲೂ ಅದೇ. ಅದರ ಸಾಮಾನ್ಯ ಸಮೀಕರಣಗಳಲ್ಲಿ ಶೆಲ್ಲನ್ನು ಬರೀ ತಿರುಗಿಸಿದರೂ ಒಂದಿಷ್ಟು ಸ್ಟ್ರೇನ್ ಉಳಿದುಬಿಡುತ್ತದೆ. 1959ರಲ್ಲಿ ಸ್ಯಾಂಡರ್ಸ್ ನಾಸಾಗೆ ಬರೆದ ವರದಿಯಲ್ಲಿ ಈ ದೋಷ ತೆಗೆದ. ಅದೇ ಹೊತ್ತಿಗೆ ನೆದರ್ಲೆಂಡ್ಸಿನ ಡೆಲ್ಫ್ಟ್‌ನಲ್ಲಿ ಕೊಯ್ಟರ್ ಬೇರೆ ದಾರಿಯಿಂದ ಅದೇ ಜಾಗಕ್ಕೆ ಬಂದು ತಲುಪಿದ.

ನೀವೇ ಬರೆದ ಪ್ರೋಗ್ರಾಮಿಗೂ ಈ ಪರೀಕ್ಷೆ ಬೇಕು. ಹತ್ತು ನಿಮಿಷದ ಕೆಲಸ.

6. ಕೊಳವೆಯನ್ನು ಊದಿ ನೋಡಿ

ಇದೇ ಈ ಎಲ್ಲ ಸೂತ್ರಗಳ ತಿರುಳು, ಹಾಗಾಗಿ ಇಲ್ಲಿ ಸ್ವಲ್ಪ ಹೊತ್ತು ನಿಲ್ಲೋಣ. ಒಂದು ಉದ್ದನೆಯ ಕೊಳವೆ. ಒಳಗಿನಿಂದ ಒತ್ತಡ ಕೊಟ್ಟು ಸುತ್ತಲೂ ಸಮನಾಗಿ ಉಬ್ಬಿಸಿ. ತ್ರಿಜ್ಯ ಸಾವಿರದಲ್ಲಿ ಒಂದು ಪಾಲು ಹೆಚ್ಚಿತು. ಗೋಡೆಯ ಯಾವ ಗೆರೆಯೂ ದಿಕ್ಕು ಬದಲಿಸಲಿಲ್ಲ. ಪೂರ್ವಕ್ಕೆ ಮುಖ ಮಾಡಿದ್ದ ಬಿಂದು ಈಗಲೂ ಪೂರ್ವಕ್ಕೇ ಮುಖ ಮಾಡಿದೆ, ತುಸು ಆಚೆ ಸರಿದಿದೆ ಅಷ್ಟೆ. ಬಾಗು ಎಷ್ಟು?

ಸಮೀಕರಣಗಳನ್ನು ಕೇಳಿದರೆ ಮೂರು ಉತ್ತರ ಬರುತ್ತವೆ. ತ್ರಿಜ್ಯದ ವಿಲೋಮವನ್ನು, ಅಂದರೆ ನಾವು ಸಾಮಾನ್ಯವಾಗಿ ಹೇಳುವ ವಕ್ರತೆಯನ್ನು ಹೋಲಿಸುವ ಅಳತೆ ವಕ್ರತೆ ಇಳಿಯಿತು ಎನ್ನುತ್ತದೆ. ವಸ್ತುವಿನ ಮೇಲೆ ಮೊದಲೇ ಗೀಚಿದ ಗೆರೆಗಳನ್ನು ಆಧಾರವಾಗಿಟ್ಟು ಮೇಲ್ಮೈಯ ವಕ್ರತೆಯನ್ನು ಹೇಳುವ ಎರಡನೇ ಮೂಲರೂಪದ ಅಂಶಗಳನ್ನು ಹೋಲಿಸುವ ಅಳತೆ ಅಷ್ಟೇ ಪ್ರಮಾಣದಲ್ಲಿ ಏರಿತು ಎನ್ನುತ್ತದೆ. ಪ್ರಮಾಣ ಒಂದೇ, ಚಿಹ್ನೆ ಮಾತ್ರ ತಿರುಗುಮುರುಗು! ಸ್ಯಾಂಡರ್ಸ್, ಕೊಯ್ಟರ್ ಮತ್ತು ಬುಡಿಯಾನ್ಸ್ಕಿ ಹೆಸರಲ್ಲಿ ಕರೆಯುವ ಅಳತೆ ಸೊನ್ನೆ ಎನ್ನುತ್ತದೆ. ಏಕೆಂದರೆ ಅದು ಎಣಿಸುವುದು ಮೇಲ್ಮೈಗೆ ಲಂಬವಾಗಿ ನಿಂತ ಗೆರೆ ಪಕ್ಕದ ಗೆರೆಗೆ ಹೋಲಿಸಿದರೆ ಎಷ್ಟು ವಾಲಿತು ಎಂಬುದನ್ನು. ಇಲ್ಲಿ ಯಾವ ಗೆರೆಯೂ ವಾಲಿಲ್ಲ.

ಯಾರದು ಸರಿ? ಬಾಗು ಎಂಬ ಮಾತಿಗೆ ಲಂಬದ ತಿರುಗುವಿಕೆಯೇ ಅರ್ಥವಾದರೆ ಮೂರನೆಯದು ಸರಿ, ನನ್ನ ಮತವೂ ಅದಕ್ಕೇ. ಸಂಶೋಧಕ ಅಮಿತ್ ಆಚಾರ್ಯ 2000ದಲ್ಲಿ ಈ ಅಳತೆಯನ್ನು ದೊಡ್ಡ ವಿರೂಪಗಳಿಗೂ ಒಗ್ಗುವಂತೆ ವಿಸ್ತರಿಸಿದರು. ಲಂಬವನ್ನು ತಿರುಗಿಸದ ಶುದ್ಧ ಹಿಗ್ಗಿಗೆ ಬಾಗಿನ ಅಳತೆ ಸೊನ್ನೆಯಾಗಲೇಬೇಕು ಎಂಬುದು ಅವರು ಇಟ್ಟ ಷರತ್ತು. ಈಚಿನ ವರ್ಷಗಳಲ್ಲಿ ಗೀಬಾ, ನೆಫ್ ಮುಂತಾದವರೂ ಬಾಗು ಬೇರೆ, ವಕ್ರತೆಯ ಬದಲಾವಣೆ ಬೇರೆ ಎಂದು ಬಿಡಿಸಿ ಬರೆದಿದ್ದಾರೆ. ನೂರಾ ಮೂವತ್ತು ವರ್ಷ ಹಳೆಯ ವಿಷಯದಲ್ಲಿ ಇನ್ನೂ ಜಗಳ ಇರುವುದು ಓದುವವನಿಗೆ ಒಳ್ಳೆಯ ಸುದ್ದಿ.

ಇದು ಬರೀ ಪಂಡಿತರ ಜಗಳ ಎಂದು ಮೂಗು ಮುರಿಯುವವರಿಗೆ ಒಂದನೇ ಸೂತ್ರದ ಕಿಲ್ನ್ ಮೇಲೆಯೇ ಲೆಕ್ಕ ಮಾಡಿ ತೋರಿಸುತ್ತೇನೆ. ಕಾದು ಬೆಳೆದ ಕಿಲ್ನಿನ ವಕ್ರತೆ ಮೀಟರಿಗೆ 0.00162ರಷ್ಟು ಇಳಿಯಿತು. ಅದನ್ನು ಬಾಗು ಎಂದೇ ತಿಳಿದು ಅರ್ಧ ದಪ್ಪದಿಂದ, ಅಂದರೆ 12.5 ಮಿಲಿಮೀಟರಿನಿಂದ ಗುಣಿಸಿದರೆ ಸುಮಾರು 20 ಮೈಕ್ರೋಸ್ಟ್ರೇನ್ (ಒಂದು ಮೈಕ್ರೋಸ್ಟ್ರೇನ್ ಎಂದರೆ ಹತ್ತು ಲಕ್ಷದಲ್ಲಿ ಒಂದು ಪಾಲು), ಸ್ಟ್ರೆಸ್ ಸುಮಾರು 4 ಮೆಗಾಪ್ಯಾಸ್ಕಲ್. ಇದು ಇಲ್ಲದ ಸ್ಟ್ರೆಸ್. ಮೊಟ್ಟೆಯಾಕಾರದಿಂದ ಬಂದ ನಿಜವಾದ ಬಾಗು ಎಷ್ಟು? ಸುಮಾರು 28 ಮೈಕ್ರೋಸ್ಟ್ರೇನ್. ಸುಳ್ಳು 20, ನಿಜ 28. ಎರಡನ್ನೂ ಕೂಡಿಸಿ ವರದಿ ಬರೆದವನು ಕಾರ್ಖಾನೆಯವರನ್ನು ಸುಮ್ಮನೆ ಹೆದರಿಸುತ್ತಾನೆ, ಕಳೆದು ಬರೆದವನು ಸುಮ್ಮನೆ ಮಲಗಿಸುತ್ತಾನೆ.

ತೆಳು ಉಕ್ಕನ್ನು ಒತ್ತಡದಿಂದ ಉಬ್ಬಿಸಿದಾಗ ಈ ಮೂರು ಅಳತೆಗಳ ನಡುವಿನ ಅಂತರ ಒಟ್ಟು ಶಕ್ತಿಯ ಲೆಕ್ಕದಲ್ಲಿ ಗಣನೆಗೆ ಬಾರದಷ್ಟು ಚಿಕ್ಕದು, ಕೊಯ್ಟರ್ ಅದನ್ನೂ ತೋರಿಸಿದ್ದಾನೆ. ರಬ್ಬರು, ಜೆಲ್, ಬಲೂನು ಇವೆಲ್ಲ ಮೂಲದ ಎರಡು ಮೂರು ಪಟ್ಟು ಹಿಗ್ಗಬಲ್ಲವು. ಅಲ್ಲಿ ಯಾವ ಅಳತೆ ಆರಿಸಿದಿರಿ ಎಂಬುದರ ಮೇಲೆ ಉತ್ತರವೇ ಬದಲಾಗುತ್ತದೆ.

7. ಎರಡೂ ಮುಖಕ್ಕೆ ಗೇಜ್ ಅಂಟಿಸಿ

ಸ್ಟ್ರೇನ್ ಗೇಜ್ ಎಂದರೆ ತೆಳು ಪೊರೆಯ ಮೇಲೆ ಹಾವಿನಂತೆ ಮಡಿಸಿದ ಲೋಹದ ಎಳೆ. 1938ರಲ್ಲಿ ಅಮೆರಿಕದ ಸಿಮನ್ಸ್ ಮತ್ತು ರೂಜ್ ಒಬ್ಬರಿಗೊಬ್ಬರು ತಿಳಿಯದೆ ಇದನ್ನು ಕಂಡುಹಿಡಿದರು. ಹಿಗ್ಗಿದರೆ ಅದರ ರೋಧ ಏರುತ್ತದೆ. 120 ಓಮಿನ ಗೇಜ್ 1000 ಮೈಕ್ರೋಸ್ಟ್ರೇನಿಗೆ ಬದಲಾಗುವುದು ಕೇವಲ 0.24 ಓಮ್. ಅದಕ್ಕೇ ವೀಟ್‌ಸ್ಟನ್ ಸೇತುವೆ ಬೇಕು. ಪಿಯುಸಿ ಲ್ಯಾಬಿನಲ್ಲಿ ಬೇಸರದಿಂದ ಮಾಡಿದ ಆ ಪ್ರಯೋಗ ಇಲ್ಲಿ ಅನ್ನ ಕೊಡುತ್ತದೆ.

ಗೋಡೆಯ ಹೊರಮುಖಕ್ಕೆ ಒಂದು, ಒಳಮುಖಕ್ಕೆ ಸರಿಯಾಗಿ ಅದರ ಬೆನ್ನಿಗೆ ಇನ್ನೊಂದು. ಹೊರಗೆ 900, ಒಳಗೆ 300 ಬಂತು ಎನ್ನಿ. ಸರಾಸರಿ 600 ಹಿಗ್ಗು. ವ್ಯತ್ಯಾಸದ ಅರ್ಧ 300 ಬಾಗು. ಹೊರಮುಖದ ಗೇಜ್ ಒಂದನ್ನೇ ನಂಬಿದವನಿಗೆ 900 ಎಂಬುದು ಯಾವುದರ ಮೊತ್ತ ಎಂದು ತಿಳಿಯಲು ದಾರಿಯೇ ಇಲ್ಲ. ಮೆದು ಉಕ್ಕು 1250 ಮೈಕ್ರೋಸ್ಟ್ರೇನಿನ ಹತ್ತಿರ ಶಾಶ್ವತವಾಗಿ ಮಣಿಯತೊಡಗುತ್ತದೆ, ಆದ್ದರಿಂದ ಈ ಅಂಕಿಗಳು ಆಟದ ಅಂಕಿಗಳಲ್ಲ.

ಒಂದು ಎಚ್ಚರ. ಬರೀ ಉಬ್ಬಿದ ಕೊಳವೆಯಲ್ಲೂ ಒಳಗಿನ ಗೇಜ್ ತುಸು ಹೆಚ್ಚು ಓದುತ್ತದೆ. ಒಳಮುಖದ ಸುತ್ತಳತೆ ಮೊದಲೇ ಕಿರಿದು, ಎರಡೂ ಮುಖಗಳ ತ್ರಿಜ್ಯ ಹೆಚ್ಚುಕಡಿಮೆ ಅಷ್ಟೇ ಬೆಳೆಯಿತು, ಹಾಗಾಗಿ ಒಳಗೆ ಪಾಲು ಹೆಚ್ಚು. ಗ್ಯಾಸ್ ಸಿಲಿಂಡರಿನ ಗಾತ್ರಕ್ಕೆ 1000 ಮೈಕ್ರೋಸ್ಟ್ರೇನ್ ಹಿಗ್ಗಿದರೆ ಒಳಗೂ ಹೊರಗೂ ಸುಮಾರು 16ರ ಅಂತರ. ಆ 16ನ್ನು ಬಾಗಿನ ಖಾತೆಗೆ ಬರೆಯಬೇಡಿ. (ಪ್ರಯೋಗಕ್ಕೆಂದು ಮನೆಯ ಸಿಲಿಂಡರಿಗೆ ಕೈ ಹಚ್ಚಬೇಡಿ. ಕಾಲೇಜಿನ ಲ್ಯಾಬಿನಲ್ಲಿ ನೀರು ತುಂಬಿ ಒತ್ತಡ ಕೊಡುವ ಉರುಳೆ ಇದ್ದರೆ ಸಾಕು. ಗಾಳಿ ತುಂಬಿ ಮಾಡುವುದಂತೂ ಬೇಡವೇ ಬೇಡ.)

8. ಬಿಸಿಲಿಗೆ ಲೆಕ್ಕ ಕೊಡಿ

ಕಲಬುರಗಿಯ ಏಪ್ರಿಲ್, ಮೇ ತಿಂಗಳಲ್ಲಿ ಪಾದರಸ 40 ದಾಟುವುದು ಸುದ್ದಿಯೇ ಅಲ್ಲ. ಬೆಳಗಿನ ಆರಕ್ಕೆ ಸೊನ್ನೆ ಹೊಂದಿಸಿ ಮಧ್ಯಾಹ್ನ ಓದಿದರೆ, ಉಕ್ಕು ಹತ್ತು ಡಿಗ್ರಿ ಏರಿದ ಮಾತ್ರಕ್ಕೆ ಸುಮಾರು 120 ಮೈಕ್ರೋಸ್ಟ್ರೇನ್ ಬೆಳೆದಿರುತ್ತದೆ. ಕಿಲ್ನಿನ ನಿಜವಾದ ಬಾಗು 28 ಎಂಬುದು ನೆನಪಿದೆಯಲ್ಲ? ನೆರಳಿನಲ್ಲಿದ್ದ ಮುಖ ಬಿಸಿಲಿಗೆ ಬಂದರಂತೂ ಒಂದು ಮುಖ ಕಾದು ಇನ್ನೊಂದು ತಣ್ಣಗಿದ್ದು ಇಲ್ಲದ ಬಾಗು ಕಾಣುತ್ತದೆ.

ಉಪಾಯ ಹಳೆಯದು. ಬೆನ್ನಿಗೆ ಬೆನ್ನಾಗಿ ಅಂಟಿಸಿದ ಎರಡು ಗೇಜುಗಳನ್ನು ಸೇತುವೆಯ ಅಕ್ಕಪಕ್ಕದ ತೋಳುಗಳಿಗೆ ಕಟ್ಟಿ. ಎರಡಕ್ಕೂ ಸಮನಾಗಿ ಬಂದ ಶಾಖ ಕಳೆದುಹೋಗುತ್ತದೆ, ಹಿಗ್ಗೂ ಕಳೆದುಹೋಗುತ್ತದೆ, ಬಾಗು ಮಾತ್ರ ಎರಡು ಪಟ್ಟಾಗಿ ಉಳಿಯುತ್ತದೆ. ಹಿಗ್ಗೇ ಬೇಕಿದ್ದರೆ ಅದೇ ಉಕ್ಕಿನ ಚೂರಿಗೆ ಭಾರವಿಲ್ಲದ ಡಮ್ಮಿ ಗೇಜ್ ಅಂಟಿಸಿ ಪಕ್ಕದಲ್ಲೇ ಇಡಿ.

9. ಒಳಗೆ ಹೋಗಲಾಗದಿದ್ದರೆ ಒಂದು ಮೀಟರಿನ ಪಟ್ಟಿ ಸಾಕು

ಉರಿಯುವ ಕಿಲ್ನಿನ ಒಳಮುಖಕ್ಕೆ ಗೇಜ್ ಅಂಟಿಸುವುದು ಹೇಗೆ? ಆಗುವುದಿಲ್ಲ. ಕಾರ್ಖಾನೆಗಳಲ್ಲಿ ಬಳಸುವ ಶೆಲ್ ಟೆಸ್ಟರ್ ಈ ತೊಡಕಿಗೆ ಕೊಟ್ಟ ಉತ್ತರ ನನಗೆ ಬಹಳ ಹಿಡಿಸಿದೆ. ಒಂದು ಮೀಟರ್ ಉದ್ದದ ಗಟ್ಟಿ ಪಟ್ಟಿ, ಎರಡು ತುದಿಗೆ ಕಾಲು, ಆಯಸ್ಕಾಂತದಿಂದ ಶೆಲ್ಲಿಗೆ ಕಚ್ಚುತ್ತದೆ. ನಟ್ಟನಡುವೆ ಒಂದು ಮೊಳೆ ಶೆಲ್ಲನ್ನು ಮುಟ್ಟಿಕೊಂಡು ಒಳಕ್ಕೂ ಹೊರಕ್ಕೂ ಆಡುತ್ತದೆ. ಪಟ್ಟಿಯನ್ನು ಸುತ್ತಿನ ದಿಕ್ಕಿಗೆ ಅಂಟಿಸಿ ಕಿಲ್ನಿನ ಜೊತೆ ಒಂದು ಸುತ್ತು ಬರಲು ಬಿಟ್ಟರೆ ಮೊಳೆಯ ಏರಿಳಿತ ದಾಖಲಾಗುತ್ತದೆ.

ಇದರ ಜಾಣತನ ನೋಡಿ. ಶಾಖಕ್ಕೆ ಆದ 13 ಮಿಲಿಮೀಟರಿನ ಬೆಳವಣಿಗೆ ಸುತ್ತಿನುದ್ದಕ್ಕೂ ಒಂದೇ ಸಮ, ಮೊಳೆಯ ಆಟದಲ್ಲಿ ಅದು ಬರುವುದೇ ಇಲ್ಲ. ಸುತ್ತಿಗೆ ಎರಡು ಸಲ ಏರಿ ಇಳಿಯುವುದು ಮೊಟ್ಟೆಯಾಕಾರದ ಪಾಲು ಮಾತ್ರ. ಅದರಲ್ಲಿ ಹಿಗ್ಗು ಇಲ್ಲ ಎಂದು ನಾಲ್ಕನೇ ಸೂತ್ರದಲ್ಲೇ ಕಂಡೆವು, ಹಾಗಾಗಿ ಇಲ್ಲಿ ವಕ್ರತೆಯ ಬದಲಾವಣೆಯೇ ಬಾಗು. ವಕ್ರತೆಯನ್ನು ಅಳೆದೂ ಬಾಗಿನ ಉತ್ತರ ಪಡೆಯುವ ಯೋಗ್ಯತೆ ಹೀಗೆ ಬರುತ್ತದೆ: ಬೇಡದ್ದನ್ನು ಉಪಕರಣವೇ ಸೋಸಿಬಿಡಬೇಕು.

ಲೆಕ್ಕವೂ ಸರಳ. ಮೊಳೆಯ ಒಟ್ಟು ಆಟವನ್ನು ವ್ಯಾಸದ ವರ್ಗದಿಂದ ಗುಣಿಸಿ, ಮೂರರಲ್ಲಿ ನಾಲ್ಕರಿಂದ ಗುಣಿಸಿ, ಎಲ್ಲವನ್ನೂ ಮೀಟರಿನಲ್ಲೇ ಇಡಿ. ಸಿಗುವುದು ದೊಡ್ಡ ವ್ಯಾಸಕ್ಕೂ ಚಿಕ್ಕ ವ್ಯಾಸಕ್ಕೂ ಇರುವ ಅಂತರ. 4 ಮೀಟರಿನ ಕಿಲ್ನಿನಲ್ಲಿ 12 ಮಿಲಿಮೀಟರಿನ ಅಂತರಕ್ಕೆ ಮೊಳೆ ಆಡುವುದು ಅರ್ಧ ಮಿಲಿಮೀಟರಿಗಿಂತ ತುಸು ಹೆಚ್ಚು, 0.56. ಕಾರ್ಖಾನೆಯವರು ಬಳಸುವ ಹೆಬ್ಬೆರಳ ಲೆಕ್ಕ ಇನ್ನೊಂದಿದೆ: ಮೀಟರಿನಲ್ಲಿರುವ ವ್ಯಾಸವನ್ನು ಹತ್ತರಿಂದ ಭಾಗಿಸಿದರೆ ಸಹಿಸಬಹುದಾದ ಶೇಕಡಾವಾರು. 4 ಮೀಟರಿಗೆ ಶೇ 0.4, ಅಂದರೆ 16 ಮಿಲಿಮೀಟರ್. ನಮ್ಮದು ಗಡಿಯೊಳಗಿದೆ, ಆದರೆ ಕಣ್ಣಿಡಬೇಕಾದ ಗಡಿ.

10. ಹುರಿ ಉದ್ದವಿರಲಿ

ವಕ್ರತೆ ಅಳೆಯಲು ಹುರಿಯೂ ಸ್ಕೇಲೂ ಸಾಕು. ಹುರಿಯ ತುದಿಗಳನ್ನು ಬಾಗಿದ ಗೋಡೆಗೆ ಒಳಗಿನಿಂದ ಒತ್ತಿ ಹಿಡಿದು ನಡುವಿನ ಕಂದಕ ಅಳೆಯಿರಿ. ಹುರಿಯ ಉದ್ದದ ವರ್ಗವನ್ನು ಕಂದಕದ ಎಂಟು ಪಟ್ಟಿನಿಂದ ಭಾಗಿಸಿದರೆ ಹೆಚ್ಚುಕಡಿಮೆ ತ್ರಿಜ್ಯ. ಪಿಯುಸಿ ಲ್ಯಾಬಿನ ಸ್ಫೆರೋಮೀಟರ್ ಮಾಡುವುದೂ ಇದನ್ನೇ, ಮೂರು ಕಾಲಿನ ಮೇಲೆ. 10 ಮೀಟರ್ ತ್ರಿಜ್ಯದ ಗುಮ್ಮಟಕ್ಕೆ 1 ಮೀಟರಿನ ಹುರಿ ಹಿಡಿದರೆ ಕಂದಕ 12.5 ಮಿಲಿಮೀಟರ್. ಒಂದು ಮಿಲಿಮೀಟರ್ ತಪ್ಪಿದರೆ ಶೇ 8ರ ತಪ್ಪು. 2 ಮೀಟರಿನ ಹುರಿಯಾದರೆ ಕಂದಕ 50, ತಪ್ಪು ಶೇ 2.

ಲೇಸರ್ ಸ್ಕ್ಯಾನರಿನ ಮೋಡಿಗೆ ಒಳಗಾದವರು ಇದನ್ನು ಎರಡು ಸಲ ಓದಬೇಕು. ಹತ್ತು ಸೆಂಟಿಮೀಟರಿಗೊಂದು ಬಿಂದು, ಪ್ರತಿ ಬಿಂದುವಿನಲ್ಲಿ ಒಂದು ಮಿಲಿಮೀಟರಿನ ಅನಿಶ್ಚಿತತೆ. ಪಕ್ಕಪಕ್ಕದ ಮೂರು ಬಿಂದುಗಳಿಂದ ವಕ್ರತೆ ತೆಗೆದರೆ ಕೆಟ್ಟ ಸಂದರ್ಭದಲ್ಲಿ ಮೀಟರಿಗೆ 0.4ರ ತಪ್ಪು. 4 ಮೀಟರಿನ ಕಿಲ್ನಿನ ವಕ್ರತೆಯೇ ಒಟ್ಟು 0.5! ಬಿಂದುಗಳನ್ನು ಇನ್ನೂ ಹತ್ತಿರ ತಂದರೆ ಸುಧಾರಿಸುವುದಿಲ್ಲ, ಅಂತರ ಅರ್ಧವಾದರೆ ತಪ್ಪು ನಾಲ್ಕು ಪಟ್ಟು. ಮೊದಲು ಬಹಳ ಬಿಂದುಗಳಿಗೆ ನಯವಾದ ಮೇಲ್ಮೈ ಹೊಂದಿಸಿ, ಆಮೇಲೆ ವಕ್ರತೆ ತೆಗೆಯಿರಿ.

11. ಅಂಚಿನಲ್ಲಿ ಕಾದು ಕೂರಿ

1881ರಲ್ಲಿ ಭೌತವಿಜ್ಞಾನಿ ರೇಲಿ ಗಂಟೆಗಳ ನಾದವನ್ನು ಲೆಕ್ಕ ಹಾಕುವಾಗ ಗಂಟೆಯ ಗೋಡೆ ಹಿಗ್ಗದೆ ಬರೀ ಬಾಗುತ್ತದೆ ಎಂದು ಹಿಡಿದ. ಹಾಗಾದರೆ ಅಂಚಿನ ಷರತ್ತುಗಳು ತಾಳೆಯಾಗುವುದಿಲ್ಲ ಎಂದು ಲವ್ 1888ರಲ್ಲಿ ಆಕ್ಷೇಪಿಸಿದ. ಇಬ್ಬರೂ ಭಾಗಶಃ ಸರಿ ಎಂದು 1890ರಲ್ಲಿ ಲ್ಯಾಂಬ್ ಮತ್ತು ಬ್ಯಾಸೆಟ್ ತೋರಿಸಿದರು: ಹಿಗ್ಗು ಇದೆ, ಆದರೆ ಅಂಚಿನ ಪಕ್ಕದ ಕಿರಿದಾದ ಪಟ್ಟಿಯಲ್ಲಿ ಮಾತ್ರ. ಉಬ್ಬಿದ ಕೊಳವೆಗೆ ಇದೇ ಮಾತು ತಿರುಗಿಸಿ ಅನ್ವಯ. ನಡುವಿನಲ್ಲಿ ಬರೀ ಹಿಗ್ಗು, ಬಾಗು ಅಡಗಿರುವುದು ಅಂಚಿನಲ್ಲಿ.

ಪಟ್ಟಿಯ ಅಗಲ ತ್ರಿಜ್ಯವನ್ನು ದಪ್ಪದಿಂದ ಗುಣಿಸಿದ್ದರ ವರ್ಗಮೂಲದಷ್ಟು. ಗ್ಯಾಸ್ ಸಿಲಿಂಡರಿನಲ್ಲಿ ನೇರ ಗೋಡೆ ಮುಗಿದು ಬುರುಡೆ ಶುರುವಾಗುವ ಕಡೆ ಸುಮಾರು 20 ಮಿಲಿಮೀಟರ್. ಅಲ್ಲಿ 10 ಮಿಲಿಮೀಟರ್ ಉದ್ದದ ಗೇಜ್ ಅಂಟಿಸಿದರೆ ಏರನ್ನೂ ಇಳಿತವನ್ನೂ ಕಲಸಿ ಸರಾಸರಿ ಕೊಡುತ್ತದೆ. ಚಿಕ್ಕ ಗೇಜ್ ಬೇಕು, ಸಾಲಾಗಿ ಬೇಕು.

ಕಿಲ್ನಿನಲ್ಲಿ ಅಂಚು ಎಂದರೆ ಟೈರ್, ಶೆಲ್ಲಿನ ಸುತ್ತ ಸಡಿಲವಾಗಿ ತೊಡಿಸಿ ರೋಲರುಗಳ ಮೇಲೆ ಉರುಳಿಸುವ ಭಾರಿ ಉಕ್ಕಿನ ಬಳೆ. ಕಿಲ್ನ್ ಹೊತ್ತಿಸುವಾಗ ಆತುರಪಟ್ಟರೆ ಶೆಲ್ ಬೇಗ ಕಾದು ಉಬ್ಬುತ್ತದೆ, ಟೈರ್ ಇನ್ನೂ ತಣ್ಣಗಿರುತ್ತದೆ. ನಡುವಿನ ಸಂದು ಮುಚ್ಚಿ ಟೈರ್ ಶೆಲ್ಲಿನ ಸೊಂಟ ಹಿಸುಕುತ್ತದೆ. ತನ್ನ ಪಾಡಿಗೆ ತಾನು ಬೆಳೆದಿದ್ದರೆ ಯಾವ ಅಪಾಯವೂ ಇಲ್ಲದ ಆ 13 ಮಿಲಿಮೀಟರ್ ಇಲ್ಲಿ, ಬೆಳೆಯಲು ಬಿಡದ ಕಾರಣಕ್ಕೆ, ಉದ್ದ ದಿಕ್ಕಿನ ಬಾಗಾಗಿ ಬದಲಾಗುತ್ತದೆ. ಟೈರಿನ ಅಡಿ ಶೆಲ್ಲಿನ ದಪ್ಪ 60 ಮಿಲಿಮೀಟರ್ ಇದ್ದರೆ ಬಾಗಿನ ಪಟ್ಟಿ ಟೈರಿನ ಎರಡೂ ಪಕ್ಕ ಸುಮಾರು 350 ಮಿಲಿಮೀಟರ್. ಶಾಶ್ವತವಾಗಿ ಮಣಿದರೆ ಶೆಲ್ಲಿನ ಸೊಂಟ ಸೊರಗಿಯೇ ಉಳಿಯುತ್ತದೆ.

ಸಂದನ್ನು ಕಣ್ಣಿನಿಂದ ಅಳೆಯಲಾಗದು, ಆದರೆ ಸೀಮೆಸುಣ್ಣದಿಂದ ಅಳೆಯಬಹುದು. ಟೈರಿಗೂ ಶೆಲ್ಲಿಗೂ ಅಡ್ಡಲಾಗಿ ಒಂದು ಗೀರು ಎಳೆಯಿರಿ. ಒಂದು ಸುತ್ತಾದ ಮೇಲೆ ಎರಡು ಗೀರುಗಳು ಎಷ್ಟು ಸರಿದಿವೆ ನೋಡಿ. ಆ ಸರಿತವನ್ನು 3.14ರಿಂದ ಭಾಗಿಸಿದರೆ ವ್ಯಾಸಗಳ ಅಂತರ. ಸರಿತ 10 ಮಿಲಿಮೀಟರ್ ಇದ್ದರೆ ಸಂದು 3ರ ಸುತ್ತ. ಸೊನ್ನೆಯಾದರೆ ಬೆಂಕಿ ಇಳಿಸಲು ಹೇಳಿ.

12. ಗುಮ್ಮಟದ ಬಿರುಕನ್ನು ಓದಿ

ಹಳೆಯ ಗುಮ್ಮಟಕ್ಕೆ ಗೇಜ್ ಬೇಡ. ಗಾರೆಯೇ ಗೇಜ್, ಎಳೆತ ತಾಳಲಾರದೆ ಬಿರಿಯುತ್ತದೆ. ಸಮ ದಪ್ಪದ ಅರೆಗೋಳದ ಗುಮ್ಮಟ ತನ್ನ ಭಾರ ಹೊತ್ತಾಗ ನೆತ್ತಿಯಿಂದ ಸುಮಾರು 52 ಡಿಗ್ರಿಯವರೆಗೆ ಸುತ್ತಿನ ದಿಕ್ಕಿಗೂ ಒತ್ತಿಕೊಂಡಿರುತ್ತದೆ, ಅದರ ಕೆಳಗೆ ಸುತ್ತಿನ ದಿಕ್ಕಿಗೆ ಎಳೆತ. ಆದ್ದರಿಂದ ಬುಡದಿಂದ ಮೇಲಕ್ಕೆ ಎದ್ದು ನೆತ್ತಿಗೆ ಮುಟ್ಟದೆ ನಿಲ್ಲುವ ಲಂಬ ಬಿರುಕುಗಳು ಹಿಗ್ಗಿನ ಗುರುತು. ರೋಮಿನ ಸಂತ ಪೀಟರ್ ಚರ್ಚಿನ ಗುಮ್ಮಟದಲ್ಲಿ ಇಂಥವು ಕಂಡಾಗ ಗಣಿತಜ್ಞ ಪೊಲೇನಿ ಪರಿಶೀಲಿಸಿ 1748ರಲ್ಲಿ ವರದಿ ಪ್ರಕಟಿಸಿದ, ಸುತ್ತ ಕಬ್ಬಿಣದ ಬಳೆ ಬಿಗಿದರು. ಅಡ್ಡಲಾಗಿ, ಸುತ್ತಿನುದ್ದಕ್ಕೆ, ಒಂದೇ ಮುಖದಲ್ಲಿ ಕಾಣುವ ಬಿರುಕಾದರೆ ಬಾಗನ್ನು ಶಂಕಿಸಿ. 1422ರಲ್ಲಿ ತೀರಿಕೊಂಡ ಫಿರೋಜ್ ಶಾ ಬಹಮನಿಯ ಜೋಡಿ ಗುಮ್ಮಟದ ಸಮಾಧಿಯನ್ನು ಹಫ್ತ್ ಗುಂಬಜ್‌ನಲ್ಲಿ ನೋಡಲು ಹೋದಾಗ ಫೋಟೋ ತೆಗೆದು ಹೊರಡುವ ಮುನ್ನ ಒಳಗಿನಿಂದ ತಲೆ ಎತ್ತಿ ಐದು ನಿಮಿಷ ನಿಲ್ಲಿ.

13. ಅಂಕಿಯ ಪಕ್ಕದಲ್ಲಿ ಅಳತೆಯ ಹೆಸರು ಬರೆಯಿರಿ

ಕಂಪ್ಯೂಟರ್ ಪ್ರೋಗ್ರಾಮುಗಳು ಶೆಲ್ಲಿನ ಫಲಿತಾಂಶವನ್ನು ಮೇಲ್ಮುಖ, ಕೆಳಮುಖ, ನಡುಮೈ ಎಂದು ಮೂರು ಕಡೆ ಕೊಡುತ್ತವೆ. ಲಂಬ ಯಾವ ಕಡೆಗೆ ಎಂಬುದನ್ನು ಅವೇ ನಿರ್ಧರಿಸುತ್ತವೆ, ಎರಡು ತುಂಡುಗಳ ಲಂಬ ವಿರುದ್ಧ ದಿಕ್ಕಿಗಿದ್ದರೆ ಒಂದರ ಒಳಗು ಇನ್ನೊಂದರ ಹೊರಗಾಗುತ್ತದೆ. ಆಧಾರ ಮೇಲ್ಮೈಯನ್ನು ನಡುವಿನಿಂದ ಸರಿಸಿದ್ದರೆ ಶುದ್ಧ ಹಿಗ್ಗೂ ಬಾಗಿನ ಅಂಕಿಯಾಗಿ ಕಾಣುತ್ತದೆ. ಆದ್ದರಿಂದ ವರದಿಯಲ್ಲಿ "ಬಾಗು 28" ಎಂದು ಮಾತ್ರ ಬರೆದರೆ ಓದುವವನಿಗೆ ಏನೂ ಹೇಳಿದಂತಾಗದು. ಹೀಗೆ ಬರೆಯಿರಿ: ಸುತ್ತಿನ ದಿಕ್ಕು, ಹೊರಮುಖ, ಲಂಬ ಹೊರಕ್ಕೆ, ಶಾಖದ ಬೆಳವಣಿಗೆ ಕಳೆದದ್ದು, ಶೆಲ್ ಟೆಸ್ಟರಿನಿಂದ, ಟೈರಿನಿಂದ ಇಷ್ಟು ಮೀಟರ್ ದೂರದಲ್ಲಿ, ಗೋಡೆಯ ದಪ್ಪ 25 ಮಿಲಿಮೀಟರ್, ಬಾಗಿನ ಸ್ಟ್ರೇನ್ ಹೆಚ್ಚುಕಡಿಮೆ 28 ಮೈಕ್ರೋಸ್ಟ್ರೇನ್. ಮುಂದಿನ ವರ್ಷ ಅದೇ ಜಾಗದಲ್ಲಿ ಪಟ್ಟಿ ಅಂಟಿಸುವವನು ನಿಮ್ಮ ಅಂಕಿಗೆ ತನ್ನ ಅಂಕಿಯನ್ನು ಹೋಲಿಸಬಲ್ಲ.